ವಂಶಾವಳಿ ಮತ್ತು ತೊಟ್ಟಿಲು: ಕನ್ಯಾಮರಿಯಮ್ಮನವರ ಜನನೋತ್ಸವದ ಪಠ್ಯ ಮತ್ತು ಆಚರಣೆ (ಕೋಲಾರ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿಮರ್ಶೆ)

ಪ್ರವೇಶ

ಕಥೋಲಿಕ ಧರ್ಮಸಭೆಯ ಪೂಜಾ ಪಂಚಾಂಗದಲ್ಲಿ ಸಂತರ ಹಬ್ಬಗಳು ಸಾಮಾನ್ಯವಾಗಿ ಅವರ ಮರಣದ ದಿನಕ್ಕೆ ಹೊಂದಿಕೊಂಡು ಬರುತ್ತವೆ. ಇಹದ ಬದುಕು ಮುಗಿದ ದಿನವೇ ಪರದಲ್ಲಿ ಅವರು ಹುಟ್ಟಿದ ದಿನ ಎಂಬ ಭಾವನೆ ಇದರ ಹಿಂದಿದೆ. ಕೋಲಾರ ಸೀಮೆಯ ಓದುಗರಿಗೆ ಈ ಭಾವನೆ ಅಪರಿಚಿತವಲ್ಲ. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನದ ಸನ್ನಿಧಿಯಲ್ಲಿ ನಡೆಯುವ ಆರಾಧನೆಯು ಆ ಹರಿದಾಸ ಯತಿಗಳು ದೇಹ ತ್ಯಜಿಸಿದ ತಿಥಿಯನ್ನು ನೆನೆಯುತ್ತದೆ. ಅದೇ ಊರಿನ ಹೈದರ್ ವಲಿ ದರ್ಗಾದ ಉರುಸಿನ ಹೆಸರೂ ಇದೇ ಅರ್ಥವನ್ನು ಹೊತ್ತಿದೆ. ‘ಉರುಸ್’ ಎಂಬ ಅರಬ್ಬಿ ಶಬ್ದಕ್ಕೆ ಮದುವೆ ಎಂದರ್ಥ. ಸೂಫಿ ಸಂತನ ಮರಣವು ಭಗವಂತನೊಡನೆ ಆತನ ಮಿಲನವೆಂದು ಆ ಪರಂಪರೆ ತಿಳಿಯುತ್ತದೆ. ಹೀಗೆ ಮೂರು ಧರ್ಮಗಳು ಒಂದೇ ಸೀಮೆಯಲ್ಲಿ ತಮ್ಮ ಸಂತರನ್ನು ಅವರ ಅಂತ್ಯದಿಂದ ಗುರುತಿಸುತ್ತವೆ.

ಕಥೋಲಿಕ ಪಂಚಾಂಗದಲ್ಲಿ ಈ ನಿಯಮಕ್ಕೆ ಮೂರು ಅಪವಾದಗಳಿವೆ. ಡಿಸೆಂಬರ್ 25ರಂದು ಯೇಸುವಿನ, ಜೂನ್ 24ರಂದು ಸ್ನಾನಿಕ ಯೊವಾನ್ನನ, ಸೆಪ್ಟೆಂಬರ್ 8ರಂದು ಕನ್ಯಾಮರಿಯಮ್ಮನವರ ಜನನವನ್ನು ಧರ್ಮಸಭೆ ಕೊಂಡಾಡುತ್ತದೆ. ಮೊದಲಿನ ಎರಡು ಹಬ್ಬಗಳಿಗೆ ಬೈಬಲಿನ ಆಧಾರ ಸ್ಪಷ್ಟವಾಗಿದೆ. ಯೇಸುವಿನ ಜನನವನ್ನು ಮತ್ತಾಯ ಮತ್ತು ಲೂಕ ಇಬ್ಬರೂ ಹೇಳುತ್ತಾರೆ. ಯೊವಾನ್ನನ ಜನನವು ಲೂಕನ ಮೊದಲ ಅಧ್ಯಾಯದಲ್ಲಿ ವಿಸ್ತಾರವಾಗಿ ಬರುತ್ತದೆ. ಮರಿಯಮ್ಮನವರ ಜನನದ ವೃತ್ತಾಂತ ಮಾತ್ರ ಹೊಸ ಒಡಂಬಡಿಕೆಯ 27 ಪುಸ್ತಕಗಳಲ್ಲಿ ಎಲ್ಲಿಯೂ ಇಲ್ಲ. ತಂದೆತಾಯಿಯರ ಹೆಸರೂ ಅಲ್ಲಿಲ್ಲ.

ಧರ್ಮಗ್ರಂಥದಲ್ಲಿ ಕಥೆಯಿಲ್ಲದ ಒಂದು ಹಬ್ಬವನ್ನು ಧರ್ಮಗ್ರಂಥದ ಮೂಲಕ ಆಚರಿಸುವುದು ಹೇಗೆ? ಗ್ರಂಥ ಮೌನವಾಗಿರುವೆಡೆ ಸಂತಚರಿತೆ ಏನನ್ನು ಸೇರಿಸುತ್ತದೆ? ಜನರ ಹರಕೆ ಏನನ್ನು ಸೇರಿಸುತ್ತದೆ? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಸಾಂಸ್ಕೃತಿಕ ಪರಿಸರವನ್ನು ಹಿನ್ನೆಲೆಯಾಗಿ ಇಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಸೀಮೆ, ಸಮುದಾಯ ಮತ್ತು ಹಬ್ಬದ ಎರಡು ಮುಖಗಳು

ಈ ನಾಲ್ಕು ತಾಲ್ಲೂಕುಗಳಲ್ಲಿ ಕಥೋಲಿಕರು ಸಂಖ್ಯೆಯಲ್ಲಿ ಅಲ್ಪರು. ಆದರೆ ಈ ಭಾಗಕ್ಕೆ ಕ್ರೈಸ್ತಧರ್ಮದ ಸಂಪರ್ಕ ಹೊಸದಲ್ಲ. 17ನೆಯ ಶತಮಾನದ ಮಧ್ಯಭಾಗದಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. 18ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಯೇಸುಸಭೆಯವರ ಕರ್ನಾಟಿಕ್ ಮಿಷನ್ ಪೂರ್ವದ ಕಡೆಯಿಂದ ಒಳನಾಡಿಗೆ ಬಂದಿತು. ಶ್ರೀನಿವಾಸಪುರ ಮತ್ತು ಮುಳಬಾಗಿಲಿಗೆ ಸಮೀಪದ ಪುಂಗನೂರು ಹಾಗೂ 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಚಿಕ್ಕಬಳ್ಳಾಪುರ ಅದರ ನೆಲೆಗಳಾಗಿದ್ದವು. ಅಲ್ಲಿಂದ ಹೋದ ಪತ್ರಗಳು ಪ್ಯಾರಿಸಿನಲ್ಲಿ 1702ರಿಂದ ಪ್ರಕಟವಾಗತೊಡಗಿದ ಯೇಸುಸಭೆಯ ಪತ್ರಸಂಪುಟಗಳಲ್ಲಿ ಸೇರಿವೆ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿ ಕೋಲಾರದ ಚಿನ್ನದ ಗಣಿಗಳು ಬೆಳೆದಾಗ ತಮಿಳು ಪ್ರದೇಶಗಳಿಂದ ಬಂದ ಕಾರ್ಮಿಕ ಕುಟುಂಬಗಳಲ್ಲಿ ಕಥೋಲಿಕರೂ ಇದ್ದರು. ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅವರು ತಂದ ಭಕ್ತಿಯ ರೂಪಗಳು ಉಳಿದುಕೊಂಡವು. ಆಡಳಿತದ ದೃಷ್ಟಿಯಿಂದ ಈ ಸೀಮೆಯು 1940ರಲ್ಲಿ ರಚಿತವಾಗಿ 1953ರಲ್ಲಿ ಮಹಾಧರ್ಮಕ್ಷೇತ್ರವಾದ ಬೆಂಗಳೂರಿಗೆ ಸೇರಿದೆ.

ಭಾಷೆಯ ವಿಚಾರವನ್ನೂ ಇಲ್ಲಿ ಗಮನಿಸಬೇಕು. ಕನ್ನಡ, ತೆಲುಗು, ತಮಿಳು, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುವ ಗಡಿ ಸೀಮೆ ಇದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್‌ನಲ್ಲಿ ಪೂಜಾವಿಧಿಯ ಕುರಿತ ತನ್ನ ಶಾಸನವನ್ನು ಹೊರಡಿಸಿ ಜನಭಾಷೆಗೆ ಅವಕಾಶ ಕೊಟ್ಟಿತು. ಅಲ್ಲಿಯವರೆಗೆ ಲ್ಯಾಟಿನ್ನಿನಲ್ಲಿ ಎಲ್ಲರಿಗೂ ಸಮಾನವಾಗಿ ಅಪರಿಚಿತವಾಗಿದ್ದ ವಾಚನಗಳು ಅನಂತರ ಅರ್ಥವಾಗುವ ಮಾತುಗಳಾದವು. ಯಾರ ಭಾಷೆಯಲ್ಲಿ ಎಂಬ ಪ್ರಶ್ನೆ ಬೆಂಗಳೂರು ಮಹಾಧರ್ಮಕ್ಷೇತ್ರದಲ್ಲಿ ದಶಕಗಳ ಕಾಲ ಚರ್ಚೆಗೆ ಒಳಗಾಯಿತು. ಆ ಚರ್ಚೆಯ ಸದ್ದಿನಲ್ಲಿ, ಅರ್ಥವಾಗತೊಡಗಿದ ಮಾತುಗಳು ಏನನ್ನು ಹೇಳುತ್ತಿವೆ ಎಂಬ ಪ್ರಶ್ನೆ ಹಿಂದೆ ಸರಿಯಿತೆನ್ನಬಹುದು.

ಕರ್ನಾಟಕದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಎರಡು ಮುಖ್ಯ ರೂಪಗಳಿವೆ. ಕರಾವಳಿಯ ಕೊಂಕಣಿ ಕಥೋಲಿಕರಿಗೆ ಇದು ‘ಮೊಂತಿ ಫೆಸ್ತ್’. ಫರಂಗಿಪೇಟೆಯ ಮೊಂತೆ ಮರಿಯಾನೊ ಆಶ್ರಮದಲ್ಲಿ 1763ರಲ್ಲಿ ಗುರು ಜೋಕಿಮ್ ಮಿರಾಂದ ಇದನ್ನು ಆರಂಭಿಸಿದರೆಂಬ ಪ್ರತೀತಿಯಿದೆ. ಮರಿಯಮ್ಮನವರ ತಂದೆಯ ಹೆಸರೇ ಆ ಗುರುಗಳ ಹೆಸರೂ ಆಗಿರುವುದು ಕುತೂಹಲಕರ. ಒಂಬತ್ತು ದಿನ ಮಕ್ಕಳು ಮಾತೆಗೆ ಹೂವು ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ದು, ಹೊಸ ಅಕ್ಕಿಯ ಊಟವನ್ನು ಸಸ್ಯಾಹಾರವಾಗಿ ಕುಟುಂಬವೆಲ್ಲ ಕುಳಿತು ಮಾಡುತ್ತದೆ. ಬಯಲುಸೀಮೆಯಲ್ಲಿ ಇದೇ ದಿನ ಆರೋಗ್ಯ ಮಾತೆಯ ಹಬ್ಬ. ತಮಿಳುನಾಡಿನ ವೇಳಾಂಕಣ್ಣಿಯಲ್ಲಿ ಆಗಸ್ಟ್ 29ರಂದು ಧ್ವಜವೇರಿ ಸೆಪ್ಟೆಂಬರ್ 8ರಂದು ಮುಗಿಯುವ ಉತ್ಸವ, ಬೆಂಗಳೂರಿನ ಶಿವಾಜಿನಗರದಲ್ಲಿ 1882ರ ಸೆಪ್ಟೆಂಬರ್ 8ರಂದೇ ಪ್ರತಿಷ್ಠೆಗೊಂಡ ಸಂತ ಮೇರಿ ದೇವಾಲಯದ ತೇರು, ಇವು ಅದರ ಮಾದರಿಗಳು. ಇಲ್ಲಿ ತೆನೆಯ ಬದಲು ಹರಕೆ ಮುಖ್ಯ.

ಈ ವ್ಯತ್ಯಾಸಕ್ಕೆ ನೆಲದ ಕಾರಣವನ್ನೂ ಹುಡುಕಬಹುದು. ಸೆಪ್ಟೆಂಬರ್ ಮೊದಲ ವಾರಕ್ಕೆ ಕರಾವಳಿಯಲ್ಲಿ ಮುಂಗಾರಿನ ಭತ್ತ ತೆನೆಗಟ್ಟಿರುತ್ತದೆ. ಮಾಲೂರು, ಶ್ರೀನಿವಾಸಪುರಗಳ ಹೊಲಗಳಲ್ಲಿ ರಾಗಿ ಇನ್ನೂ ಪೈರು. ಕೊಯ್ಲಿಗೆ ಎರಡು ಮೂರು ತಿಂಗಳಿರುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆಗಳನ್ನು ನೆಚ್ಚಿದ ಈ ಸೀಮೆಯಲ್ಲಿ ಅದು ಮುಗಿಲು ನೋಡುವ ಕಾಲ. ಅರ್ಪಿಸಲು ಹೊಸ ಫಸಲಿಲ್ಲದ ದಿನಗಳಲ್ಲಿ ಹಬ್ಬವು ಕೃತಜ್ಞತೆಗಿಂತ ಬೇಡಿಕೆಯ ಕಡೆಗೆ ವಾಲುವುದು ಸಹಜ. ವೇಳಾಂಕಣ್ಣಿಯ ಐತಿಹ್ಯಗಳಲ್ಲಿ ಹಾಲು ಒಯ್ಯುವ ಹುಡುಗ ಮತ್ತು ಮಜ್ಜಿಗೆ ಮಾರುವ ಕುಂಟ ಬಾಲಕ ಬರುತ್ತಾರೆ. ಮಾತೆ ಆ ಬಡಹುಡುಗರನ್ನು ಹಾಲು, ಮಜ್ಜಿಗೆ ಕೇಳುತ್ತಾಳೆ. ಹಾಲು, ರೇಷ್ಮೆ, ಚಿನ್ನಗಳ ನಾಡೆಂದು ಹೆಸರಾದ ಕೋಲಾರದಲ್ಲಿ ಈ ಕಥೆಗಳಿಗೆ ವಿವರಣೆ ಬೇಕಾಗುವುದಿಲ್ಲ.

ಬೈಬಲಿನ ಮೌನ ಮತ್ತು ಅನ್ನಮ್ಮನ ಕಥೆ

ಮರಿಯಮ್ಮನವರ ಜನನದ ಕಥೆ ಮೊದಲು ದೊರೆಯುವುದು ಯಾಕೋಬನ ಹೆಸರಿನ ಆದಿ ಶುಭಸಂದೇಶವೆಂಬ ಗ್ರೀಕ್ ಕೃತಿಯಲ್ಲಿ. ಕ್ರಿಸ್ತಶಕ 2ನೆಯ ಶತಮಾನದ್ದೆಂದು ವಿದ್ವಾಂಸರು ನಿರ್ಣಯಿಸಿರುವ ಈ ಕೃತಿಯನ್ನು ಧರ್ಮಸಭೆ ತನ್ನ ಅಂಗೀಕೃತ ಗ್ರಂಥಗಳಲ್ಲಿ ಸೇರಿಸಲಿಲ್ಲ. ಪೋಪ್ ಜೆಲಾಸಿಯಸರ ಹೆಸರಿನಲ್ಲಿ ಪ್ರಚಲಿತವಾದ 6ನೆಯ ಶತಮಾನದ ಪಟ್ಟಿಯು ಇದನ್ನು ತಿರಸ್ಕೃತ ಗ್ರಂಥಗಳಲ್ಲಿ ಎಣಿಸಿತು. ಆದರೆ ಗ್ರಂಥವನ್ನು ಹೊರಗಿಟ್ಟ ಸಂಪ್ರದಾಯ ಅದರ ಪಾತ್ರಗಳನ್ನು ಒಳಗೆ ಕರೆದುಕೊಂಡಿತು. ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮ ಪಂಚಾಂಗದಲ್ಲಿ ಸ್ಥಾನ ಪಡೆದರು. ಹಿಂದೆ ಬೇರೆ ಬೇರೆಯಾಗಿದ್ದ ಅವರ ಹಬ್ಬಗಳು 1969ರ ಪಂಚಾಂಗ ಸುಧಾರಣೆಯಲ್ಲಿ ಜುಲೈ 26ಕ್ಕೆ ಒಂದಾದವು.

ಕಥೆಯ ಆರಂಭ ಮನಕಲಕುವಂಥದು. ಶ್ರೀಮಂತನೂ ಉದಾರಿಯೂ ಆದ ಜೋಕಿಮ್ ಹಬ್ಬದ ದಿನ ದೇವಾಲಯಕ್ಕೆ ಕಾಣಿಕೆ ತರುತ್ತಾನೆ. ಸಂತಾನವಿಲ್ಲದವನು ಎಲ್ಲರಿಗಿಂತ ಮೊದಲು ಕಾಣಿಕೆ ಸಲ್ಲಿಸುವುದು ಸಲ್ಲದೆಂದು ಒಬ್ಬನು ತಡೆಯುತ್ತಾನೆ. ಜೋಕಿಮ್ ಹೋಗಿ ಹನ್ನೆರಡು ಕುಲಗಳ ವಂಶಾವಳಿಯ ದಾಖಲೆಯನ್ನು ತೆಗೆಸಿ ನೋಡುತ್ತಾನೆ. ನೀತಿವಂತರೆಲ್ಲರಿಗೂ ಸಂತಾನವಿದ್ದುದು ಅಲ್ಲಿ ಕಾಣುತ್ತದೆ. ಮನೆಗೆ ಹಿಂದಿರುಗದೆ ಬೆಂಗಾಡಿಗೆ ಹೋಗಿ ನಲವತ್ತು ದಿನ ಉಪವಾಸ ಕೂರುತ್ತಾನೆ. ಇತ್ತ ಅನ್ನಮ್ಮ ತೋಟದ ಮರದಲ್ಲಿ ಗುಬ್ಬಿಯ ಗೂಡನ್ನು ಕಂಡು ಗೋಳಾಡುತ್ತಾಳೆ: ಹಕ್ಕಿಗೆ, ಮೃಗಕ್ಕೆ, ನೀರಿಗೆ, ನೆಲಕ್ಕೆ ಫಲವಿದೆ, ತನಗಿಲ್ಲ. ಆಕೆಯ ದಾಸಿಯೂ ಹಂಗಿಸಿ ಆಡುತ್ತಾಳೆ. ಮಕ್ಕಳಿಲ್ಲದ ಹೆಣ್ಣಿನ ದುಃಖವನ್ನು ಹಾಡಿದ ಕನ್ನಡ ಜನಪದ ತ್ರಿಪದಿಗಳನ್ನು ಬಲ್ಲವರಿಗೆ ಈ ಗೋಳು ಪರಿಚಿತವೆನಿಸುತ್ತದೆ. ಸಂತಾನಹೀನತೆಯನ್ನು ಪಾಪದ ಫಲವೆಂದು, ಶುಭಕಾರ್ಯಕ್ಕೆ ಅನರ್ಹತೆಯೆಂದು ಕಾಣುವ ಸಮಾಜ ಎರಡೂ ಕಡೆ ಇದೆ.

ಈ ಕಥೆಯ ಮಾದರಿ ಹಳೆಯ ಒಡಂಬಡಿಕೆಯದು. ಸಮುವೇಲನ ಮೊದಲನೆಯ ಗ್ರಂಥದ ಆರಂಭದಲ್ಲಿ ಹನ್ನಳೆಂಬ ಮಕ್ಕಳಿಲ್ಲದ ಸ್ತ್ರೀ ದೇವಾಲಯದಲ್ಲಿ ಅಳುತ್ತಾ ಹರಕೆ ಹೊರುತ್ತಾಳೆ. ಹನ್ನ ಮತ್ತು ಅನ್ನ ಒಂದೇ ಹೆಸರಿನ ಎರಡು ಉಚ್ಚಾರಗಳು. ಸವತಿಯ ಹಂಗಿನ ಸ್ಥಾನದಲ್ಲಿ ದಾಸಿಯ ಹಂಗು ಬಂದಿದೆ. ಹುಟ್ಟಿದ ಮಗುವನ್ನು ದೇವರಿಗೆ ಒಪ್ಪಿಸುವ ಹರಕೆ ಹಾಗೆಯೇ ಉಳಿದಿದೆ. ಆದರೆ ಒಂದು ಮುಖ್ಯ ಬದಲಾವಣೆಯಾಗಿದೆ. ಹನ್ನ ಬೇಡುವುದು ಗಂಡುಮಗುವನ್ನು. ಅನ್ನಮ್ಮ ತನಗೆ ಹುಟ್ಟುವುದು ಗಂಡಾಗಲಿ ಹೆಣ್ಣಾಗಲಿ, ಅದನ್ನು ದೇವರ ಸೇವೆಗೆ ಒಪ್ಪಿಸುವೆನೆಂದು ಮಾತು ಕೊಡುತ್ತಾಳೆ. ಹೆರಿಗೆಯಾದ ಮೇಲೆ ಏನು ಹುಟ್ಟಿತೆಂದು ಕೇಳಿ, ಹೆಣ್ಣೆಂಬ ಉತ್ತರಕ್ಕೆ ತನ್ನ ಜೀವ ಹಿಗ್ಗಿತೆಂದು ಹೇಳಿ ಮಗುವನ್ನು ಮಲಗಿಸುತ್ತಾಳೆ. ಮೂಲವನ್ನು ಇಷ್ಟು ನಿಕಟವಾಗಿ ಅನುಸರಿಸಿದ ಕೃತಿಕಾರ ಈ ಒಂದು ಕಡೆ ಅದನ್ನು ಬಿಟ್ಟು ನಡೆದಿರುವುದು ಆಕಸ್ಮಿಕವೆನ್ನಲಾಗದು. ಹೆಣ್ಣು ಹುಟ್ಟಿದ್ದಕ್ಕೆ ಸಂತೋಷಪಡುವ ಕಥೆ ಬೇಕಾಗಿದ್ದುದರಿಂದ ಹರಕೆಯ ಮಾತೇ ಬದಲಾಗಬೇಕಾಯಿತು.

ಇದೇ ಪ್ರಸಂಗದ ಇನ್ನೊಂದು ರೂಪ ಕುರ್‌ಆನಿನ ಮೂರನೆಯ ಅಧ್ಯಾಯದಲ್ಲಿದೆ. ಇಮ್ರಾನನ ಪತ್ನಿ ತನ್ನ ಗರ್ಭದಲ್ಲಿರುವುದನ್ನು ದೇವರಿಗೆ ಮೀಸಲಿಡುತ್ತಾಳೆ. ಹುಟ್ಟಿದ್ದು ಹೆಣ್ಣೆಂದು ಕಂಡಾಗ ಅದನ್ನು ದೇವರಿಗೆ ನಿವೇದಿಸುತ್ತಾಳೆ, ಮರ್ಯಮಳೆಂದು ಹೆಸರಿಡುತ್ತಾಳೆ. ದೇವರು ಆ ಮಗುವನ್ನು ಪ್ರೀತಿಯಿಂದ ಸ್ವೀಕರಿಸುತ್ತಾನೆ. ಅನ್ನಮ್ಮನ ಕಥೆಯಲ್ಲಿ ಮೊದಲೇ ಬಗೆಹರಿದಿದ್ದ ಅಳುಕು ಇಲ್ಲಿ ತಾಯಿಯ ಬಾಯಲ್ಲೇ ಕೇಳಿಸುತ್ತದೆ. ಹೀಗೆ ಮರಿಯಮ್ಮನವರ ಜನನ ಬೈಬಲಿನಲ್ಲಿ ಇಲ್ಲದೆ ಕುರ್‌ಆನಿನಲ್ಲಿ ಇರುವುದು ತೌಲನಿಕ ಅಧ್ಯಯನಕ್ಕೆ ಮಹತ್ವದ ಸಂಗತಿಯಾಗಿದೆ. ದರ್ಗಾ ಮತ್ತು ಚರ್ಚುಗಳೆರಡನ್ನೂ ಬಲ್ಲ ಒಂದು ಸೀಮೆಯಲ್ಲಿ ಈ ಸಂಗತಿ ಹೆಚ್ಚು ಚರ್ಚೆಗೆ ಬರಬೇಕಾಗಿತ್ತು.

ದಕ್ಷಿಣ ಭಾರತದ ಕ್ರೈಸ್ತ ಕಾವ್ಯಗಳು ಗ್ರಂಥದ ಮೌನವನ್ನು ತುಂಬುವ ಇದೇ ಕೆಲಸವನ್ನು ಮುಂದುವರಿಸಿದವು. ಇಟಲಿಯ ಗುರು ಬೆಸ್ಕಿ 1726ರಲ್ಲಿ ಮುಗಿಸಿದ ‘ತೇಂಬಾವಣಿ’ ಎಂಬ ತಮಿಳು ಮಹಾಕಾವ್ಯ 3615 ಪದ್ಯಗಳಲ್ಲಿ ಸಂತ ಜೋಸೆಫರ ಚರಿತೆಯನ್ನು ಹೇಳುತ್ತದೆ. ಬೈಬಲಿನಲ್ಲಿ ಜೋಸೆಫ ಒಂದು ಮಾತನ್ನೂ ಆಡುವುದಿಲ್ಲ. ಮಾತಿಲ್ಲದ ಸಂತನ ಮೇಲೆ ಮಹಾಕಾವ್ಯ ಸಾಧ್ಯವಾದುದು ಗ್ರಂಥದ ಹೊರಗಿನ ಪರಂಪರೆಗಳಿಂದ, ವಿಶೇಷವಾಗಿ ಸ್ಪೇನಿನ ಸಾಧ್ವಿ ಆಗ್ರೆದದ ಮರಿಯಳ ದರ್ಶನಗ್ರಂಥದಿಂದ.

ಬಲಿಪೂಜೆಯ ವಾಚನಗಳು

ಹಬ್ಬವು ಪೂರ್ವದ ಸಭೆಗಳಲ್ಲಿ ಹುಟ್ಟಿತು. ಜೆರುಸಲೇಮಿನ ಬೆತ್ಸಥಾ ಕೊಳದ ಬಳಿ ಮರಿಯಮ್ಮನವರು ಹುಟ್ಟಿದರೆಂಬ ಐತಿಹ್ಯವಿದೆ. ಅಲ್ಲಿ ಪ್ರಾಚೀನ ದೇವಾಲಯವೊಂದಿತ್ತು. 12ನೆಯ ಶತಮಾನದಲ್ಲಿ ಅದರ ಸನಿಹದಲ್ಲಿ ಕಟ್ಟಿದ ಸಂತ ಅನ್ನಮ್ಮನವರ ದೇವಾಲಯ ಇಂದಿಗೂ ಇದೆ. ರೋಮಿನಲ್ಲಿ ಪೋಪ್ ಮೊದಲನೆಯ ಸೆರ್ಜಿಯಸ್ (687–701) ಈ ದಿನ ಮೆರವಣಿಗೆ ನಡೆಯಬೇಕೆಂದು ವಿಧಿಸಿದರು. ಹೀಗೆ ಮೆರವಣಿಗೆ ಈ ಹಬ್ಬಕ್ಕೆ ಭಾರತದಲ್ಲಿ ಅಂಟಿಕೊಂಡದ್ದಲ್ಲ. ರೋಮಿನ ಆಚರಣೆಯ ಆರಂಭದಿಂದಲೂ ಇತ್ತು.

ಕಥೆ ಅಂಗೀಕೃತ ಗ್ರಂಥದಲ್ಲಿಲ್ಲದ ಕಾರಣ ಪೂಜಾವಿಧಿ ಬೇರೆ ವಾಚನಗಳನ್ನು ಆರಿಸಬೇಕಾಯಿತು. 1969ರ ಸುಧಾರಣೆಗೆ ಮೊದಲು ಜ್ಞಾನೋಕ್ತಿಗಳ ಎಂಟನೆಯ ಅಧ್ಯಾಯದಿಂದ ಸೃಷ್ಟಿಗೂ ಮುಂಚೆ ಇದ್ದ ಜ್ಞಾನದ ವರ್ಣನೆಯನ್ನೂ ಮತ್ತಾಯನ ಮೊದಲ ಅಧ್ಯಾಯದ ವಂಶಾವಳಿಯನ್ನೂ ಓದಲಾಗುತ್ತಿತ್ತು. ಸುಧಾರಣೆಯ ಬಳಿಕ ಮೊದಲ ವಾಚನಕ್ಕೆ ಬೆತ್ಲೆಹೇಮೆಂಬ ಕಿರಿಯ ಊರಿನಿಂದ ನಾಯಕನು ಬರುವನೆನ್ನುವ ಮೀಕನ ಪ್ರವಾದನೆ, ಇಲ್ಲವೇ ರೋಮನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದ ಭಾಗ ಬಂದಿತು. ಶುಭಸಂದೇಶವು ವಂಶಾವಳಿಯಿಂದ ಆರಂಭವಾಗಿ, ತಲೆಮಾರುಗಳನ್ನು ಲೆಕ್ಕ ಹಾಕುವ 17ನೆಯ ವಚನವನ್ನು ಬಿಟ್ಟು, ಜೋಸೆಫನ ಕನಸಿನವರೆಗೆ ಮುಂದುವರಿಯುತ್ತದೆ. ಇದರ ಜೊತೆಗೆ ಒಂದು ಅನುಕೂಲವನ್ನೂ ಕಲ್ಪಿಸಲಾಗಿದೆ: ವಂಶಾವಳಿಯನ್ನು ಬಿಟ್ಟು 18ರಿಂದ 23ರವರೆಗಿನ ವಚನಗಳನ್ನಷ್ಟೇ ಓದುವ ಕಿರುರೂಪಕ್ಕೆ ಅನುಮತಿಯಿದೆ.

ಈ ಆಯ್ಕೆಯಲ್ಲಿ ಅಡಗಿರುವ ವೈಚಿತ್ರ್ಯವನ್ನು ವಿಮರ್ಶೆ ಗಮನಿಸಬೇಕು. ಮತ್ತಾಯನ ವಂಶಾವಳಿ ಅಬ್ರಹಾಮನಿಂದ ದಾವೀದನ ಮೂಲಕ ಜೋಸೆಫನಿಗೆ ಬಂದು ನಿಲ್ಲುತ್ತದೆ. ಅದು ಮರಿಯಮ್ಮನವರ ವಂಶಾವಳಿಯಲ್ಲ. ಲೂಕನ ವಂಶಾವಳಿಯನ್ನು ಅವರದೆಂದು ಓದುವ ಪ್ರಯತ್ನಗಳು ನಡೆದಿದ್ದರೂ ಅಲ್ಲಿಯೂ ಪಠ್ಯ ಹೆಸರಿಸುವುದು ಜೋಸೆಫನನ್ನೇ. ಹೀಗೆ ಒಬ್ಬ ಹೆಣ್ಣುಮಗಳ ಹುಟ್ಟುಹಬ್ಬದಂದು ಆಕೆಯ ಗಂಡನ ಪೂರ್ವಿಕರ ಪಟ್ಟಿಯನ್ನು ಓದಲಾಗುತ್ತದೆ. ಅನ್ನಮ್ಮನ ಕಥೆಯಲ್ಲಿ ಜೋಕಿಮ್ ತೆಗೆಸಿ ನೋಡಿದ ಕುಲದಾಖಲೆಯಲ್ಲಿ ಅವನ ಮಕ್ಕಳ ಹೆಸರಿರಲಿಲ್ಲ. ದೇವಾಲಯದಲ್ಲಿ ಓದುವ ವಂಶಾವಳಿಯಲ್ಲಿಯೂ ಜೋಕಿಮನ ಹೆಸರಿಲ್ಲ.

ಆದರೆ ಇದೇ ಪಟ್ಟಿ ತನ್ನ ಏಕತಾನತೆಯನ್ನು ತಾನೇ ನಾಲ್ಕು ಕಡೆ ಮುರಿಯುತ್ತದೆ. ತಂದೆಯಿಂದ ಮಗನಿಗೆ ಇಳಿಯುವ ಸಾಲಿನಲ್ಲಿ ತಾಮಾರ, ರಾಹಾಬ, ರೂತ ಮತ್ತು ಊರೀಯನ ಪತ್ನಿ ಕಾಣಿಸಿಕೊಳ್ಳುತ್ತಾರೆ. ತಾಮಾರಳು ನ್ಯಾಯ ಸಿಗದೆ ಮಾವನನ್ನೇ ಒಳಪಡಿಸಿಕೊಂಡ ವಿಧವೆ. ರಾಹಾಬಳು ಜೆರಿಕೋವಿನ ವೇಶ್ಯೆ. ರೂತಳು ಅತ್ತೆಯನ್ನು ಬಿಡದೆ ಬಂದ ಮೋವಾಬಿನ ಪರದೇಶಿ ವಿಧವೆ. ನಾಲ್ಕನೆಯವಳಾದ ಬತ್ಷೆಬೆಯ ಹೆಸರನ್ನೂ ಹೇಳದೆ, ದಾವೀದನು ಕೊಲ್ಲಿಸಿದ ಗಂಡನ ಹೆಸರಿನಿಂದ ಆಕೆಯನ್ನು ಸೂಚಿಸಲಾಗಿದೆ. ಸಂತ ಜೆರೋಮ್ ಇವರನ್ನು ಪಾಪಿಗಳೆಂದು ಕಂಡರೆ ಲೂಥರ್ ಅನ್ಯಜನಾಂಗದವರೆಂದು ಕಂಡರು. ರೇಮಂಡ್ ಬ್ರೌನ್ 1977ರಲ್ಲಿ ಪ್ರಕಟಿಸಿದ ಯೇಸುವಿನ ಜನನ ಕಥನಗಳ ಅಧ್ಯಯನವು ಈ ಸ್ತ್ರೀಯರ ದಾಂಪತ್ಯಗಳು ಲೋಕದ ಕಣ್ಣಿಗೆ ಕ್ರಮ ತಪ್ಪಿದವಾಗಿದ್ದು, ದೈವಯೋಜನೆಯಲ್ಲಿ ಅವರೇ ಮುಂದಡಿಯಿಟ್ಟವರೆಂಬುದನ್ನು ಒತ್ತಿ ಹೇಳಿತು. ಐದನೆಯವರಾಗಿ ಮರಿಯಮ್ಮನವರು ಬಂದಾಗ ವಾಕ್ಯದ ರಚನೆಯೇ ಬದಲಾಗುತ್ತದೆ: ಜೋಸೆಫನು ಯೇಸುವನ್ನು ಪಡೆದನೆಂದು ಪಠ್ಯ ಹೇಳುವುದಿಲ್ಲ, ಯೇಸು ಮರಿಯಳಲ್ಲಿ ಜನಿಸಿದನೆಂದು ಹೇಳುತ್ತದೆ. ಗಂಡುಸಂತತಿಯ ಸರಪಳಿ ಕೊನೆಯ ಕೊಂಡಿಯಲ್ಲಿ ಒಬ್ಬ ಹೆಣ್ಣಿನ ಕೈಗೆ ಬರುತ್ತದೆ.

ಕಿರುರೂಪವನ್ನು ಓದಿದಾಗ ಈ ಐದು ಸ್ತ್ರೀಯರ ಸಾಲು ಇಡಿಯಾಗಿ ಬಿದ್ದುಹೋಗುತ್ತದೆ. ಉಳಿಯುವುದು ಜೋಸೆಫನ ಸಂಕಟ, ದೇವದೂತನ ಮಾತು, ಗಂಡುಮಗುವಿನ ಜನನದ ವಾಗ್ದಾನ. ಅಪರಿಚಿತ ಹೆಸರುಗಳ ದೀರ್ಘ ಪಟ್ಟಿ ಹಬ್ಬದ ಜನಜಂಗುಳಿಗೆ ಬೇಸರ ತರಿಸುವುದೆಂಬ ಕಾಳಜಿ ಅರ್ಥವಾಗುವಂಥದೇ. ಆದರೆ ಕುಲದ ಹೆಸರು, ಗೋತ್ರ, ಪೀಳಿಗೆಗಳ ಲೆಕ್ಕವನ್ನು ಬಾಯಿಪಾಠವಾಗಿ ಉಳಿಸಿಕೊಂಡ ಸಮಾಜದಲ್ಲಿ ವಂಶಾವಳಿ ಅರ್ಥವಾಗದು ಎಂಬ ಊಹೆಗೆ ಆಧಾರವಿಲ್ಲ. ಹೆಳವರು ಮನೆಮನೆಗೆ ಬಂದು ವಂಶದ ಹೆಸರುಗಳನ್ನು ಹಾಡಿ ಹೇಳುವುದನ್ನು ಕೇಳುತ್ತ ಬಂದ ನಾಡಿಗೆ ಅಬ್ರಹಾಮನ ಪೀಳಿಗೆಯ ಪಟ್ಟಿ ವಿಚಿತ್ರವೆನಿಸಬೇಕಾಗಿಲ್ಲ. ವಿಚಿತ್ರವೆನಿಸಬೇಕಾದುದು, ಎಚ್ಚರಿಸಬೇಕಾದುದು ಆ ಪಟ್ಟಿಯೊಳಗಿನ ಹೆಣ್ಣು ಹೆಸರುಗಳು.

ಹರಕೆ, ತೇರು ಮತ್ತು ಸಮನ್ವಯವಾದದ ಮಿತಿ

ಬಯಲುಸೀಮೆಯ ಮರಿಯಭಕ್ತಿಯನ್ನು ಕುರಿತ ಬರಹಗಳಲ್ಲಿ ಸಮನ್ವಯವಾದ ಪ್ರಧಾನವಾಗಿದೆ. ಧ್ವಜಾರೋಹಣ, ತೇರು, ಮುಡಿ ಕೊಡುವುದು, ಕಾವಿಬಟ್ಟೆ ಉಡುವುದು, ಮೂರ್ತಿಗೆ ಸೀರೆ ಉಡಿಸುವುದು, ವಾಸಿಯಾದ ಅಂಗದ ಬೆಳ್ಳಿಯ ಪ್ರತಿಕೃತಿ ಒಪ್ಪಿಸುವುದು, ಮಗು ಬೇಡಿ ತೊಟ್ಟಿಲು ಕಟ್ಟುವುದು, ಇವೆಲ್ಲ ಗ್ರಾಮದೇವತೆಯ ಆರಾಧನೆಯಿಂದ ಬಂದವೆಂದೂ ಮಾರಿಯಮ್ಮನೇ ಮರಿಯಮ್ಮನಾದಳೆಂದೂ ಹೇಳಲಾಗುತ್ತದೆ. ಹೊರರೂಪಗಳ ಮಟ್ಟಿಗೆ ಈ ಹೋಲಿಕೆ ನಿಜ. ಕೋಲಾರಮ್ಮನ ಗುಡಿಗೆ ನಡೆದುಕೊಳ್ಳುವ ಮನೆಯ ನೆರೆಯಲ್ಲೇ ಆರೋಗ್ಯ ಮಾತೆಗೆ ನಡೆದುಕೊಳ್ಳುವ ಮನೆಯೂ ಇದ್ದಾಗ ಒಬ್ಬರ ಹರಕೆಯ ಭಾಷೆ ಇನ್ನೊಬ್ಬರಿಗೆ ಬರುವುದು ಅನಿವಾರ್ಯ. ಆದರೆ ಎರಡು ಹೆಸರುಗಳ ಸಾಮ್ಯವು ಧ್ವನಿಸಾಮ್ಯ ಮಾತ್ರ. ಒಂದು ಹೀಬ್ರೂವಿನ ಮಿರ್ಯಾಮಿನಿಂದ ಬಂದುದು, ಇನ್ನೊಂದು ರೋಗವನ್ನು ತರುವ ಮತ್ತು ತಡೆಯುವ ದ್ರಾವಿಡ ದೇವತೆಯದು. ಹೋಲಿಕೆಯನ್ನು ಹೇಳಿ ಮುಗಿಸುವ ವಿಮರ್ಶೆ ಎರಡೂ ಆರಾಧನೆಗಳಿಗೆ ಅನ್ಯಾಯ ಮಾಡುತ್ತದೆ. ತೇರನ್ನು ಕಂಡು ವಾಚನಪೀಠವನ್ನು ಮರೆಯುತ್ತದೆ.

ಹೆಚ್ಚು ಫಲದಾಯಕವಾದ ಹೋಲಿಕೆ ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿದೆ. ವಾಲ್ಮೀಕಿಯ ಆಶ್ರಮ ಅಲ್ಲಿತ್ತೆಂದೂ ಸೀತೆ ಲವಕುಶರನ್ನು ಅಲ್ಲಿಯೇ ಹೆತ್ತಳೆಂದೂ ಸ್ಥಳಪುರಾಣ ಹೇಳುತ್ತದೆ. ಉತ್ತರಕಾಂಡದಲ್ಲಿ ಜನನದ ಕಥೆಯಿದೆ, ಆವಣಿಯ ಹೆಸರಿಲ್ಲ. ಗ್ರಂಥ ಬಿಟ್ಟ ಸ್ಥಳವನ್ನು ಜನರ ನೆನಪು ತುಂಬಿಕೊಟ್ಟಿದೆ. ಬಂಡೆ, ಗುಹೆ, ಕೊಳಗಳು ಆ ಕಥೆಯ ಸಾಕ್ಷಿಗಳಾಗಿವೆ. ಸಂತಾನ ಬೇಡುವ ಸ್ತ್ರೀಯರು ಬೆಟ್ಟದ ಮೇಲಿನ ಸೀತಾಪಾರ್ವತಿಯ ಗುಡಿಗೆ ಹೋಗುವ ರೂಢಿಯಿದೆ. ಜೆರುಸಲೇಮಿನ ಬೆತ್ಸಥಾ ಕೊಳದ ಐತಿಹ್ಯ ಹುಟ್ಟಿದ ಬಗೆಯೂ ಇದೇ. ಪರಿತ್ಯಕ್ತೆಯಾದ ಹೆಣ್ಣೊಬ್ಬಳು ಹೆತ್ತ ಸ್ಥಳ ಮಕ್ಕಳಿಲ್ಲದವರ ಆಶ್ರಯವಾಗುವುದು ಮನುಷ್ಯಸಹಜವಾದ ಧಾರ್ಮಿಕ ಪ್ರತಿಭೆ. ವ್ಯತ್ಯಾಸವೂ ಅಷ್ಟೇ ಮುಖ್ಯ: ಆವಣಿಯಲ್ಲಿ ನೆನೆಯುವುದು ಇಬ್ಬರು ಗಂಡುಮಕ್ಕಳ ಜನನವನ್ನು, ಸೆಪ್ಟೆಂಬರ್ 8ರಂದು ನೆನೆಯುವುದು ಒಬ್ಬ ಹೆಣ್ಣುಮಗಳ ಜನನವನ್ನು.

ಹರಕೆಯ ತೊಟ್ಟಿಲು ಈ ವ್ಯತ್ಯಾಸವನ್ನು ನೆನಪಿಡುತ್ತದೆಯೇ ಎಂಬುದು ಕೇಳಬೇಕಾದ ಪ್ರಶ್ನೆ. ಭ್ರೂಣಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ಕಾಯಿದೆ ಮಾಡಬೇಕಾಗಿ ಬಂದ ದೇಶದಲ್ಲಿ ‘ಮಗು ಕೊಡು’ ಎಂಬ ಬೇಡಿಕೆಯ ಒಳಗೆ ಯಾವ ಮಗು ಎಂಬುದು ಅನೇಕ ವೇಳೆ ಹೇಳದೆಯೇ ತಿಳಿದಿರುತ್ತದೆ. ಹೆಣ್ಣು ಹುಟ್ಟಿದ್ದಕ್ಕೆ ನಡೆಯುವ ಹಬ್ಬದಂದೇ ಗಂಡು ಹುಟ್ಟಲೆಂದು ತೊಟ್ಟಿಲು ಕಟ್ಟಿದರೆ ಅದು ಅನ್ನಮ್ಮನ ಹರಕೆಯಾಗದೆ ಹನ್ನಳ ಹರಕೆಯಾಗುತ್ತದೆ. ಭಾರತದ ಕಥೋಲಿಕ ಸಭೆಯಲ್ಲಿ ಈ ದಿನವನ್ನು ಹೆಣ್ಣುಮಗುವಿನ ದಿನವಾಗಿಯೂ ಆಚರಿಸುವ ರೂಢಿ ಬೆಳೆದಿರುವುದು ಈ ದೃಷ್ಟಿಯಿಂದ ಸ್ವಾಗತಾರ್ಹ. ಆದರೆ ಹೊಸ ದಿನಾಚರಣೆಯ ಭಾಷಣಗಳಿಗಿಂತ ಹಳೆಯ ಕಥೆಯೇ ಇಲ್ಲಿ ಹೆಚ್ಚು ಬಲವಾದ ಸಾಧನವೆಂಬುದು ಮೇಲಿನ ವಿವೇಚನೆಯಿಂದ ತಿಳಿದುಬರುತ್ತದೆ.

ಸಂತಾನವಿಲ್ಲದವರ ದೃಷ್ಟಿಯಿಂದಲೂ ಇದೇ ಮಾತನ್ನು ಹೇಳಬೇಕು. ಜೋಕಿಮ್ ಮತ್ತು ಅನ್ನಮ್ಮನವರ ಕಥೆಯನ್ನು ಫಲ ಸಿಕ್ಕ ಹರಕೆಯ ಕಥೆಯೆಂದಷ್ಟೇ ಹೇಳಿದರೆ ಫಲ ಸಿಗದವರ ಹೆಗಲಿಗೆ ಹಳೆಯ ಕಳಂಕವೇ ಮರಳಿ ಬರುತ್ತದೆ: ಅವರ ಭಕ್ತಿ ಸಾಲದಾಯಿತೆಂದು. ಕಥೆಯ ಆರಂಭವನ್ನು ಗಂಭೀರವಾಗಿ ತೆಗೆದುಕೊಂಡರೆ ಅರ್ಥ ಬದಲಾಗುತ್ತದೆ. ಕಾಣಿಕೆ ತಡೆದವನ ಮಾತು ತಪ್ಪೆಂದು ಕಥೆಯೇ ತೋರಿಸಿಕೊಡುತ್ತದೆ. ಜೋಕಿಮ್ ಮತ್ತು ಅನ್ನಮ್ಮ ಮಗು ಹುಟ್ಟುವ ಮೊದಲೇ ನೀತಿವಂತರಾಗಿದ್ದರು, ಹುಟ್ಟಿದ್ದರಿಂದ ನೀತಿವಂತರಾದವರಲ್ಲ. ಈ ಅಂಶವನ್ನು ಪ್ರಬೋಧನೆಗಳು ಎತ್ತಿ ಹೇಳುವುದು, ಬಿಡುವುದು ಕೇವಲ ದೇವಶಾಸ್ತ್ರದ ವಿಷಯವಲ್ಲ. ಸೀಮಂತಕ್ಕೆ, ನಾಮಕರಣಕ್ಕೆ ಕರೆಸಿಕೊಳ್ಳದ ಸ್ತ್ರೀಯೊಬ್ಬಳು ಅಂದು ದೇವಾಲಯದ ಯಾವ ಸಾಲಿನಲ್ಲಿ ನಿಲ್ಲುತ್ತಾಳೆ ಎಂಬುದು ಅದನ್ನು ಅವಲಂಬಿಸಿದೆ.

ಸಮಾರೋಪ

ಕನ್ಯಾಮರಿಯಮ್ಮನವರ ಜನನೋತ್ಸವದಲ್ಲಿ ಮೂರು ಪಠ್ಯಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಅಂಗೀಕೃತ ಗ್ರಂಥದ ವಂಶಾವಳಿ ಮೊದಲನೆಯದು, ಅನಂಗೀಕೃತ ಗ್ರಂಥದಿಂದ ಸಂತಚರಿತೆಗೆ ಬಂದ ಅನ್ನಮ್ಮನ ಕಥೆ ಎರಡನೆಯದು, ಜನರ ಹರಕೆ ಮೂರನೆಯದು. ಒಂದೊಂದನ್ನೇ ತೆಗೆದುಕೊಂಡರೆ ಮೂರೂ ಹೆಣ್ಣುಮಗುವನ್ನು ಮರೆಯಬಲ್ಲವು. ವಂಶಾವಳಿ ಅವಳ ಜನನವನ್ನು ಹೇಳುವುದಿಲ್ಲ, ಸಂತಚರಿತೆ ಹರಕೆಯ ಫಲವಾಗಿ ಅವಳನ್ನು ಕಿರಿದುಗೊಳಿಸಬಹುದು, ಹರಕೆ ಗಂಡುಮಗುವಿನ ಕಡೆ ತಿರುಗಬಹುದು. ಒಟ್ಟಿಗೆ ಓದಿದಾಗ ಮಾತ್ರ ಒಂದು ಇನ್ನೊಂದನ್ನು ತಿದ್ದುತ್ತದೆ. ವಂಶಾವಳಿಯ ನಾಲ್ಕು ಹೆಸರುಗಳು ಹರಕೆಯ ಹಿಂದಿರುವ ಕಳಂಕದ ಭಾವನೆಯನ್ನು ಪ್ರಶ್ನಿಸುತ್ತವೆ. ಅನ್ನಮ್ಮನ ಮಾತು ವಂಶಾವಳಿಯ ಗಂಡುಸಾಲಿಗೆ ಉತ್ತರ ಹೇಳುತ್ತದೆ. ಹರಕೆ ಹೊತ್ತವರ ನೋವು ಈ ಎರಡು ಗ್ರಂಥಗಳನ್ನೂ ಬದುಕಿಗೆ ತರುತ್ತದೆ.

ಆದುದರಿಂದ ಈ ಸೀಮೆಯ ಹಬ್ಬಗಳನ್ನು ಅಧ್ಯಯನ ಮಾಡುವವರು ತೇರಿನ ಅಲಂಕಾರವನ್ನೂ ಹರಕೆಯ ವಸ್ತುಗಳನ್ನೂ ದಾಖಲಿಸುವುದರೊಂದಿಗೆ ಆ ದಿನ ಯಾವ ಭಾಷೆಯಲ್ಲಿ, ಯಾವ ವಾಚನದ ಯಾವ ರೂಪ ಓದಲಾಯಿತು, ಪ್ರಬೋಧನೆ ಯಾವ ಹೆಸರನ್ನು ಎತ್ತಿಕೊಂಡಿತು ಎಂಬುದನ್ನೂ ದಾಖಲಿಸುವುದು ಅಗತ್ಯ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಂಥ ಬಹುಭಾಷಿಕ ಪ್ರದೇಶಗಳಲ್ಲಿ ಅಂತಹ ದಾಖಲೆಗೆ ವಿಶೇಷ ಮಹತ್ವವಿದೆ. ದೀರ್ಘ ವಂಶಾವಳಿಯನ್ನು ಪೂರ್ತಿಯಾಗಿ ಓದಲು ಬೇಕಾಗುವ ಸಮಯ ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ತಾಮಾರ, ರಾಹಾಬ, ರೂತರ ಹೆಸರುಗಳು ಸ್ಪಷ್ಟವಾಗಿ ಕೇಳಿಸಿ, ಅನ್ನಮ್ಮ ಗಂಡೋ ಹೆಣ್ಣೋ ಎಂದು ಎಣಿಸದೆ ಹರಕೆ ಹೊತ್ತಳೆಂಬುದು ನೆನಪಾದರೆ, ಮೆರವಣಿಗೆಯಲ್ಲಿ ಬರುವ ತೊಟ್ಟಿಲಿಗೆ ಅದರ ನಿಜವಾದ ಅರ್ಥ ಒದಗುತ್ತದೆ.